ಫೈಬರ್ ಪಂಚಾಯಿತಿಗೆ ಬಂತು, ಮನೆಗೆ ಯಾವಾಗ?

ಪ್ರಶ್ನೆ: ನಮ್ಮದು ಮಲೆನಾಡಿನ ಹಳ್ಳಿ. ಪಂಚಾಯಿತಿ ಕಚೇರಿಗೆ ಸರ್ಕಾರದ ಫೈಬರ್ ಬಂದು ಆರು ವರ್ಷವಾಯಿತು. ಅಲ್ಲಿಂದ ಮೂರು ಕಿಲೋಮೀಟರ್ ದೂರದ ನಮ್ಮ ಮನೆಯಲ್ಲಿ ಮಾತ್ರ ಮಗಳು ಆನ್‌ಲೈನ್ ಕ್ಲಾಸಿಗೆ ಗುಡ್ಡ ಹತ್ತಬೇಕು. ಇದಕ್ಕೆ ಕೋಟಿಗಟ್ಟಲೆ ಅನುದಾನ ಇದೆಯಂತೆ. ಊರಿನ ಹುಡುಗರೇ ಅರ್ಜಿ ಹಾಕಿ ಪಡೆಯಬಹುದೇ?

ಉತ್ತರ: ದುಡ್ಡು ಇರುವುದು ನಿಜ. ಆದರೆ ಅದು ಸಾಲ-ಸಬ್ಸಿಡಿಯ ಹಾಗೆ ನಿಮ್ಮ ಖಾತೆಗೆ ಬರುವುದಿಲ್ಲ. ಹಳ್ಳಿಗಾಡಿಗೂ ಫೋನು, ನೆಟ್ಟು ಮುಟ್ಟಿಸಲೆಂದು ಟೆಲಿಕಾಂ ಕಂಪನಿಗಳು ತಮ್ಮ ಆದಾಯದಲ್ಲಿ ನೂರಕ್ಕೆ 5 ರೂಪಾಯಿಯಂತೆ ಕಟ್ಟುವ ನಿಧಿ ಅದು. ಮೊದಲು ಯುಎಸ್‌ಒ ಫಂಡ್ ಅನ್ನುತ್ತಿದ್ದರು, ಈಗ ಡಿಜಿಟಲ್ ಭಾರತ್ ನಿಧಿ. ಅಂದರೆ ನಿಮ್ಮ ರೀಚಾರ್ಜಿನ ಚೂರೂ ಅದರಲ್ಲಿದೆ, ಕೇಳಲು ಸಂಕೋಚ ಬೇಡ!

ಈ ದುಡ್ಡಿನಲ್ಲಿ ಹಳ್ಳಿಗಳಿಗೆ ಫೈಬರ್ ಎಳೆಯುವ ಯೋಜನೆಯೇ ಭಾರತ್‌ನೆಟ್. 2011ರಲ್ಲಿ ಮಂಜೂರಾದ ಅದರ ಮೂಲ ಯೋಜನೆಯ ಗುರಿಯೇ ಪಂಚಾಯಿತಿ ಕಚೇರಿ. ಮನೆಗಳ ಲೆಕ್ಕ ಯಾರೂ ಹಾಕಿರಲಿಲ್ಲ. ನಾನು ನೋಡಿದ ಒಂದು ಕಚೇರಿಯಲ್ಲಿ ಫೈಬರ್ ಪೆಟ್ಟಿಗೆಯ ಮೇಲೆ ಹಳೇ ಕಡತದ ಕಟ್ಟು ಕೂತಿತ್ತು, ಬ್ಯಾಟರಿ ಸತ್ತಿತ್ತು. ಕರೆಂಟ್ ಹೋದರೆ ನೆಟ್ಟೂ ಹೋಗುತ್ತಿತ್ತು. ಸಾಲದ್ದಕ್ಕೆ ತಾಲ್ಲೂಕಿನಿಂದ ಒಂದೇ ಎಳೆ. ರಸ್ತೆ ಅಗಲ ಮಾಡುವ ಜೆಸಿಬಿ ಒಂದು ಕಡೆ ಕೆರೆದರೆ ಮುಂದಿನ ಊರುಗಳೆಲ್ಲ ಕತ್ತಲು.

2023ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ತಿದ್ದುಪಡಿ ಭಾರತ್‌ನೆಟ್‌ಗೆ 1,39,579 ಕೋಟಿ ರೂಪಾಯಿ ಇಟ್ಟಿದ್ದಾರೆ. ಇದರಲ್ಲಿ ಪಂಚಾಯಿತಿಗಳನ್ನು ಉಂಗುರದ ಹಾಗೆ ಜೋಡಿಸುತ್ತಾರೆ. ಒಂದು ಕಡೆ ತುಂಡಾದರೆ ಇನ್ನೊಂದು ಕಡೆಯಿಂದ ನೆಟ್ ಹರಿಯುತ್ತದೆ. ನಿಮಗೆ ಮುಖ್ಯವಾದದ್ದು ಬೇರೆ: ಪಂಚಾಯಿತಿ ಕೇಂದ್ರವಲ್ಲದ ಸುಮಾರು 3.8 ಲಕ್ಷ ಹಳ್ಳಿಗಳಿಗೂ ಫೈಬರ್ ಕೊಡಬಹುದು, ಆದರೆ ಬೇಡಿಕೆ ಬಂದರೆ. ಸುಮ್ನೆ ಕಾಯುತ್ತಾ ಕೂತರೆ ಆಗುವುದಿಲ್ಲ, ಕೇಳಬೇಕು.

ಹುಡುಗರಿಗೂ ದಾರಿ ಇದೆ, ಉದ್ಯಮಿ ಮಾದರಿ ಅಂತ. ಇದನ್ನು ಪ್ರಯೋಗಕ್ಕಿಟ್ಟಾಗ ಮನೆವರೆಗಿನ ಸಲಕರಣೆಯ ಖರ್ಚು ಸರ್ಕಾರದ್ದು, ಸಂಪರ್ಕ ನೋಡಿಕೊಳ್ಳುವ ಕೆಲಸ ಊರಿನವರದ್ದು, ಬಂದ ಆದಾಯ ಅರ್ಧರ್ಧ ಎಂದಿತ್ತು. ಊರಲ್ಲಿ ಈಗಾಗಲೇ ಟಿವಿ ಕೇಬಲ್ ನಡೆಸುವವರಿದ್ದರೆ ಅವರನ್ನೇ ಹಿಡಿಯಿರಿ. ಅಡಿಕೆ ಮರಕ್ಕೆ ಎಳೆದ ಕೇಬಲ್ ಮೇಲೆ ಕೊಂಬೆ ಬಿದ್ದಾಗ ಜೋಡಿಸುವ ಕೈ ಊರಲ್ಲೇ ಇರಬೇಕು, ಅಲ್ವಾ?

ಮೊದಲು ತಿಂಗಳ ಬಿಲ್ ಕಟ್ಟಲು ಒಪ್ಪುವ ಮನೆಗಳ ಪಟ್ಟಿ ಮಾಡಿ. ತೋಟದ ಮನೆಗಳು ದೂರ ದೂರ ಇರುವ ಕಡೆ ಖರ್ಚು ಜಾಸ್ತಿಯಾಗುವುದೇ ತಂತಿಗೆ. ಹಾಗಾಗಿ ಒಂದೇ ದಾರಿಯ ಮನೆಗಳನ್ನು ಒಟ್ಟಿಗೆ ಬರೆಯಿರಿ. ಪಟ್ಟಿಯನ್ನು ಗ್ರಾಮಸಭೆಯಲ್ಲಿಟ್ಟು ನಡಾವಳಿಗೆ ಸೇರಿಸಿ. ಪಿಡಿಒ ಸಹಿಯೊಂದಿಗೆ ಜಿಲ್ಲೆಯ ಬಿಎಸ್‌ಎನ್‌ಎಲ್ ಕಚೇರಿಗೆ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಮಳೆ ಹಿಡಿದರೆ ನಿಮ್ಮ ಕಡೆ ಕಂಬ ಹತ್ತುವವರು ಸಿಗುವುದಿಲ್ಲ. ಮುಂದಿನ ಮಳೆಗಾಲಕ್ಕೆ ಮೊದಲೇ ಕೆಲಸ ಆಗಬೇಕೆಂದರೆ ದೀಪಾವಳಿಯೊಳಗೆ ಅರ್ಜಿ ಹೋಗಿರಲಿ.