ವೇಷ ಕಟ್ಟಿದ್ದು ಯಾರಿಗೆ?

ಆತ್ಮೀಯರೇ,

ಉಡುಪಿಯಿಂದ ನೀವು ಕಳುಹಿಸಿದ ‘ಲಿನಕ್ಸ್ ಮನೆಗೆ ವಿಂಡೋಸ್ ನೆಂಟರು’ ಲೇಖನವನ್ನು ಎರಡು ಬಾರಿ ಓದಿದೆ. ಈಗಿರುವಂತೆ ಪ್ರಕಟಿಸಲಾರೆ. ಹಿಂದಿರುಗಿಸಿ ಸುಮ್ಮನಾಗಲೂ ಮನಸ್ಸಾಗುತ್ತಿಲ್ಲ. ಕಾರಣ ನಾಲ್ಕನೆಯ ಪುಟದಲ್ಲಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಉಪಶೀರ್ಷಿಕೆ. ‘ವೈನ್ ಇದ್ದರೆ ಚಿಂತೆಯೇ ಇಲ್ಲ’ ಎಂದಿದ್ದೀರಿ. ದಿನವೂ ರಸ್ತೆಯುದ್ದಕ್ಕೂ ‘ವೈನ್ಸ್’ ಫಲಕಗಳನ್ನು ನೋಡುತ್ತ ಮಂಗಳೂರಿಗೆ ಬರುವ ನಮ್ಮ ಕರಡು ತಿದ್ದುವವರು ಇದನ್ನು ಅಬಕಾರಿ ಸುದ್ದಿಯ ಕಡತಕ್ಕೆ ಸೇರಿಸಿಬಿಟ್ಟಿದ್ದರು. ಬೇಕೆಂದೇ ಮಾಡಿದ ತಮಾಷೆಯಾದರೆ ಇರಲಿ. ಆದರೆ ಅದು, ವಿಂಡೋಸ್‌ನಂತೆಯೇ ಗಣಕವನ್ನು ನಡೆಸುವ ಲಿನಕ್ಸ್ ವ್ಯವಸ್ಥೆಯಲ್ಲಿ ವಿಂಡೋಸ್ ಪ್ರೋಗ್ರಾಮುಗಳನ್ನು ಓಡಿಸುವ ತಂತ್ರಾಂಶದ ಹೆಸರೆಂದು ಮೊದಲ ಪ್ಯಾರಾದಲ್ಲೇ ಓದುಗರಿಗೆ ಗೊತ್ತಾಗಬೇಕು.

‘ಗಣಕಯಂತ್ರ ಎಂದರೇನು’ ಎಂದು ಶುರುವಾಗುವ ಒಂದೂವರೆ ಪುಟವನ್ನು ಕಿತ್ತುಹಾಕಿ. ವೈನ್ ‘ಇತ್ತೀಚೆಗೆ ಬಂದ ಆವಿಷ್ಕಾರ’ ಎಂಬ ಮಾತೂ ಹೋಗಲಿ. ಅದರ ಕೆಲಸ ಶುರುವಾದದ್ದು 1993ರಲ್ಲಿ, 1.0 ಆವೃತ್ತಿ ಬಿಡುಗಡೆಯಾದದ್ದು 2008ರ ಜೂನ್‌ನಲ್ಲಿ. ಹದಿನೈದು ವರ್ಷ ಯಾಕೆ ಹಿಡಿಯಿತು ಎಂದು ನಿಮಗೆ ಕುತೂಹಲ ಹುಟ್ಟಲಿಲ್ಲವೇ? ವಿಂಡೋಸ್‌ನ ಒಳಗಿನ ಬರವಣಿಗೆ, ಅಂದರೆ ಸೋರ್ಸ್ ಕೋಡ್, ವೈನ್ ಕಟ್ಟಿದವರ ಕೈಯಲ್ಲಿರಲಿಲ್ಲ. ಹೊರಗಿನಿಂದ ಅದರ ನಡೆನುಡಿ ನೋಡಿ, ಪ್ರೋಗ್ರಾಮುಗಳು ವಿಂಡೋಸ್‌ಗೆ ಕೊಡುವ ಒಂದೊಂದು ಕರೆಗೂ ಉತ್ತರವನ್ನು ಹೊಸದಾಗಿ ಬರೆಯಬೇಕಾಯಿತು. ನಿಜವಾದ ಸಾಹಸವೆಂದರೆ ಇದು. ನಿಮ್ಮ ಲೇಖನದಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ.

ಈಗ ಮುಖ್ಯ ತಪ್ಪು. ವೈನನ್ನು ಮೂರು ಕಡೆ ‘ಎಮ್ಯುಲೇಟರ್’ ಎಂದು ಕರೆದಿದ್ದೀರಿ. ಅದು ಎಮ್ಯುಲೇಟರ್ ಅಲ್ಲವೆಂಬುದೇ ಆ ಹೆಸರಿನ ಅಕ್ಷರಗಳನ್ನು ಬಿಡಿಸಿದಾಗ ಸಿಗುವ ಅರ್ಥ: ‘ವೈನ್ ಈಸ್ ನಾಟ್ ಆ್ಯನ್ ಎಮ್ಯುಲೇಟರ್’! ಎಮ್ಯುಲೇಟರ್ ಬೇರೆ ಜಾತಿಯ ಪ್ರೊಸೆಸರನ್ನೇ ಅನುಕರಿಸಬಲ್ಲದು. ವೈನ್‌ಗೆ ಆ ಹೊರೆ ಇಲ್ಲ. ಪ್ರೋಗ್ರಾಮಿನ ಆದೇಶಗಳು ನೇರವಾಗಿ ಪ್ರೊಸೆಸರಿಗೇ ಹೋಗುತ್ತವೆ. ಕಡತ ತೆರೆ, ಕಿಟಕಿ ಬರೆ ಎಂದು ಪ್ರೋಗ್ರಾಮು ವಿಂಡೋಸನ್ನು ಕೂಗಿದಾಗ ಮಾತ್ರ ವೈನ್ ಓಗೊಟ್ಟು, ಲಿನಕ್ಸ್‌ನಿಂದ ಆ ಕೆಲಸ ಮಾಡಿಸಿಕೊಡುತ್ತದೆ.

ಯಕ್ಷಗಾನದ ಹೋಲಿಕೆ ತಂದಿದ್ದು ನನಗೆ ಇಷ್ಟವಾಯಿತು. ಆದರೆ ವೇಷವನ್ನು ತಪ್ಪು ಕಲಾವಿದನಿಗೆ ಕಟ್ಟಿದ್ದೀರಿ. ‘ವಿಂಡೋಸ್ ತಂತ್ರಾಂಶವು ಲಿನಕ್ಸ್ ವೇಷ ತೊಟ್ಟು ರಂಗಸ್ಥಳಕ್ಕೆ ಬರುತ್ತದೆ’ ಎಂದಿದ್ದೀರಿ. ಅದು ಬರುವುದು ತನ್ನ ನಿಜರೂಪದಲ್ಲೇ, ಒಂದಕ್ಷರವೂ ಬದಲಾಗದೆ. ಬಣ್ಣ ಹಚ್ಚಿ, ಕಿರೀಟ ಕಟ್ಟಿ ವಿಂಡೋಸ್ ವೇಷ ಹಾಕಿಕೊಂಡು ಎದುರು ನಿಲ್ಲುವುದು ವೈನ್. ಆ ವೇಷಕ್ಕಾಗಿ ನಿಮ್ಮ ಹೋಮ್ ಕಡತಕೋಶದೊಳಗೆ ಒಂದು ಸಿ ಡ್ರೈವ್ ಕೂಡ ಸಿದ್ಧವಾಗಿರುತ್ತದೆ. ಈ ಹೋಲಿಕೆಯನ್ನು ತಿರುಗಿಸಿ ಹೇಳಿ, ನಿಮ್ಮ ಇನ್ನುಳಿದ ತೆಂಗಿನಕಾಯಿ, ಕಾಂಗರೂ ಹೋಲಿಕೆಗಳೆರಡನ್ನೂ ಬಿಡಿ.

ಗಣಕದೊಳಗೇ ಇನ್ನೊಂದು ಗಣಕವನ್ನು ಸೃಷ್ಟಿಸಿಕೊಡುವ ವರ್ಚುವಲ್‌ಬಾಕ್ಸನ್ನು ‘ವೈನ್‌ನಂಥದೇ ಇನ್ನೊಂದು’ ಎಂದು ಒಂದೇ ವಾಕ್ಯದಲ್ಲಿ ಮುಗಿಸಿದ್ದೀರಲ್ಲ, ಅದೂ ಸರಿಯಲ್ಲ. ಅಲ್ಲಿ ವೇಷವೇ ಇಲ್ಲ, ಇಡೀ ಮೇಳವೇ ಬಂದು ಇಳಿಯುತ್ತದೆ. ಒಳಗೆ ನಡೆಯುವುದು ಅಸಲಿ ವಿಂಡೋಸ್, ಆದ್ದರಿಂದ ಅದರ ಪರವಾನಗಿ ಬೇಕು, ಅದರ ಪಾಲಿನ ಮೆಮೊರಿಯನ್ನೂ ಬಿಟ್ಟುಕೊಡಬೇಕು. ವೈನ್‌ಗೆ ವಿಂಡೋಸ್ ಪರವಾನಗಿ ಬೇಡ. ನಾಲ್ಕು ಜಿಬಿಯ ಹಳೆಯ ಗಣಕ ಇಟ್ಟುಕೊಂಡಿರುವ ಓದುಗರಿಗೆ ಬೇಕಾದ ಮಾಹಿತಿ ಇಷ್ಟೇ.

ಇನ್ನೊಂದು. ವೈನ್ ಮೂಲಕ ಕನ್ನಡ ಟೈಪಿಸುವ ‘ನುಡಿ’ ತಂತ್ರಾಂಶ ಹಾಕಿಕೊಂಡರೆ ‘ಲಿನಕ್ಸ್‌ನಲ್ಲಿ ಎಲ್ಲೆಡೆ ಕನ್ನಡ ಟೈಪಿಸಬಹುದು’ ಎಂದಿದ್ದೀರಿ. ಪ್ರಯೋಗ ಮಾಡಿ ನೋಡಿ ಬರೆದಿರಾ? ವೈನ್‌ನೊಳಗೆ ಕುಳಿತು ಕೀಲಿಗಳನ್ನು ಹಿಡಿಯುವ ತಂತ್ರಾಂಶಕ್ಕೆ ಹೊರಗಿನ ಲಿನಕ್ಸ್ ಕಿಟಕಿಗಳ ಕೀಲಿ ಎಟುಕುವುದಿಲ್ಲ. ಅಷ್ಟು ಕಷ್ಟವೂ ಬೇಡ. ಕನ್ನಡದ ಕಗಪ ಕೀಲಿಮಣೆ ವಿನ್ಯಾಸ ಲಿನಕ್ಸ್‌ನಲ್ಲಿ ಮೊದಲೇ ಇದೆ, ಕೀಲಿಮಣೆಯ ಆಯ್ಕೆಯಲ್ಲಿ ಆರಿಸಿಕೊಂಡರೆ ಸಾಕು. ಮನೆಯಲ್ಲೇ ಬಾವಿ ಇರುವಾಗ ನೀರಿಗೆ ನೆರೆಮನೆಗೆ ಹೋದಂತಾಯಿತು.

ಇನ್ನು ನಾಲ್ಕನೆಯ ಪುಟ. ಅಲ್ಲಿ ಒಂದೇ ವಾಕ್ಯವಿದೆ: ರಥಬೀದಿಯ ಬಳಿ ನಿಮ್ಮ ಸೋದರಮಾವನ ಡಿಟಿಪಿ ಅಂಗಡಿಯ ಹಳೆಯ ಗಣಕ ಕೆಟ್ಟಾಗ, ಬೇರೊಂದಕ್ಕೆ ಲಿನಕ್ಸ್ ಹಾಕಿ, ಅದರೊಳಗೆ ವರ್ಚುವಲ್‌ಬಾಕ್ಸ್‌ನಲ್ಲಿ ಹಳೆಯ ವಿಂಡೋಸ್ ಎಕ್ಸ್‌ಪಿ ಕೂರಿಸಿ, ಪುಟವಿನ್ಯಾಸದ ಪೇಜ್‌ಮೇಕರ್ ತೆರೆದು ಬ್ರಹ್ಮಕಲಶೋತ್ಸವದ ಆಮಂತ್ರಣ ಮುಗಿಸಿಕೊಟ್ಟಿರಿ ಎಂದು. ಇಡೀ ಲೇಖನ ಈ ವಾಕ್ಯದಲ್ಲಿದೆ! ಉಳಿದ ಆರು ಪುಟ ಇದಕ್ಕೆ ಹೊದಿಸಿದ ಗೋಣಿ.

ನಾನು ತಿಳಿಯಬೇಕೆಂದಿರುವುದು ಆ ದಿನದ ಕಥೆ. ಆಮಂತ್ರಣಕ್ಕಾಗಿ ಬಂದವರು ಬೆಂಚಿನ ಮೇಲೆ ಕುಳಿತಿದ್ದರೇ? ಮೊದಲು ವೈನ್‌ನಲ್ಲಿ ಪ್ರಯತ್ನಿಸಿದಿರಾ, ಎಲ್ಲಿ ಎಡವಿತು? ಮಾವ ಹೊಸ ತಂತ್ರಾಂಶ ಕಲಿಯದಿರುವುದಕ್ಕೆ ‘ಹಳೆಯ ಕಾಲದವರು’ ಎಂದು ಕಾರಣ ಕೊಟ್ಟಿದ್ದೀರಿ. ಅದು ಅನ್ಯಾಯ. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. 2004ರಲ್ಲಿ ಅಡೋಬಿ ಕಂಪನಿ ಅದರ ಅಭಿವೃದ್ಧಿಯನ್ನೇ ನಿಲ್ಲಿಸಿತು. ಆದರೂ ವರ್ಷಗಟ್ಟಲೆ ಮಾಡಿದ ಮದುವೆ ಕಾಗದ, ನೇಮದ ಕರೆಯೋಲೆಗಳೆಲ್ಲ ಅದೇ ಕಡತಗಳಲ್ಲಿ ಉಳಿದಿವೆ. ಅವುಗಳಲ್ಲಿರುವುದು ಎಲ್ಲ ಗಣಕಗಳೂ ಒಂದೇ ಬಗೆಯಲ್ಲಿ ಓದುವ ಯುನಿಕೋಡ್ ಕನ್ನಡವಲ್ಲ, ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೆ ಕನ್ನಡದ ಆಕಾರ ಅಂಟಿಸಿದ ಹಳೆಯ ಫಾಂಟ್. ಫಾಂಟ್ ತಪ್ಪಿದರೆ ‘ಶ್ರೀ’ ಇರಬೇಕಾದಲ್ಲಿ ಅರ್ಥವಿಲ್ಲದ ಗೀಟುಗಳು ಕಾಣುತ್ತವೆ. ಮಾವ ಎಕ್ಸ್‌ಪಿಯನ್ನು ಬಿಡದಿರುವುದು ಇದಕ್ಕಾಗಿ, ಹಟಕ್ಕಲ್ಲ.

ಎಕ್ಸ್‌ಪಿಗೆ 2014ರ ಏಪ್ರಿಲ್‌ನಲ್ಲಿ ಮೈಕ್ರೋಸಾಫ್ಟ್‌ನ ಬೆಂಬಲ ನಿಂತಿತೆಂಬುದನ್ನೂ ಬರೆಯಿರಿ. ಆ ಒಳಗಿನ ಯಂತ್ರಕ್ಕೆ ಅಂತರಜಾಲದ ಸಂಪರ್ಕ ಕೊಡಬೇಡಿ ಎಂದು ಓದುಗರಿಗೆ ಒಂದು ಮಾತು ಹೇಳಿ. ನಿಮ್ಮ ಮಾವನಿಗೂ ಹೇಳಿ.

ಒಂಬೈನೂರು ಪದ ಮೀರದಂತೆ ಮತ್ತೆ ಕಳುಹಿಸಿ. ‘ಆಧುನಿಕ ಯುಗದಲ್ಲಿ’ ಎಂಬ ಪದಪುಂಜ ಎಲ್ಲಿಯಾದರೂ ಕಂಡರೆ ಅಲ್ಲಿಗೇ ಓದು ನಿಲ್ಲಿಸುತ್ತೇನೆ. ಕಳುಹಿಸುವ ಮೊದಲು ಅಂಗಡಿಗೆ ಹೋಗಿ ಒಂದು ವಿಷಯ ವಿಚಾರಿಸಿ. ವರ್ಚುವಲ್‌ಬಾಕ್ಸ್‌ನ ಆ ಎಕ್ಸ್‌ಪಿ ಡಿಸ್ಕ್ ಇರುವುದು ಒಂದು ದೊಡ್ಡ ಕಡತವಾಗಿ ಮಾತ್ರ, ಮಾವನ ಇಷ್ಟು ವರ್ಷಗಳ ದುಡಿಮೆ ಅದರೊಳಗಿದೆ. ಅದರ ಇನ್ನೊಂದು ಪ್ರತಿ ಎಲ್ಲಿಟ್ಟಿದ್ದಾರೆ?

ಇಂತು,
ಸಂಪಾದಕ