ಆ್ಯಂಕಿಯಲ್ಲಿ 940 ಕಾರ್ಡ್ ಬಾಕಿ, ಜರ್ಮನ್ ಪದ ಬಾಯಿಗೆ ಬರ್ತಿಲ್ಲ

ಪ್ರಶ್ನೆ: ನಾನು ನರ್ಸ್. ಕೆಲಸಕ್ಕೆ ಜರ್ಮನಿಗೆ ಹೋಗಬೇಕೆಂದು ಭಾಷೆ ಕಲಿಯುತ್ತಿದ್ದೇನೆ, ಈಗ ಬಿ1 (ಮಧ್ಯಮ) ಹಂತ. ಮುಂದೆ ಪ್ರಶ್ನೆ, ಹಿಂದೆ ಉತ್ತರ ಇರುವ ಕಾರ್ಡುಗಳನ್ನು ಬಿಡುವು ಕೊಟ್ಟು ಮತ್ತೆ ಮತ್ತೆ ತೋರಿಸುವ ಆ್ಯಂಕಿ ಆ್ಯಪ್‌ನಲ್ಲಿ ದಿನಾ 30 ಹೊಸ ಪದ ನೋಡುತ್ತೇನೆ. ನೈಟ್ ಡ್ಯೂಟಿ ಬಂದು ನಾಲ್ಕು ದಿನ ತಪ್ಪಿತು. ಈಗ 940 ಕಾರ್ಡ್ ಬಾಕಿ. ಎಷ್ಟೋ ಸಲ ನೋಡಿದ ಪದವೂ ಕ್ಲಾಸಿನಲ್ಲಿ ಬಾಯಿಗೆ ಬರುವುದಿಲ್ಲ. ಎಲ್ಲ ಅಳಿಸಿ ಮೊದಲಿಂದ ಶುರು ಮಾಡಲೇ?
– ಓದುಗರು, ಹಾಸನ

ಉತ್ತರ: ಅಳಿಸಬೇಡಿ. ಇವತ್ತೇ ಸೆಟ್ಟಿಂಗ್ಸ್‌ಗೆ ಹೋಗಿ ಹೊಸ ಕಾರ್ಡಿನ ಸಂಖ್ಯೆಯನ್ನು ಸೊನ್ನೆ ಮಾಡಿ.

ಹೊಸ ಕಾರ್ಡ್ ಅಂದರೆ ಕಂತಿನ ಸಾಲ ಇದ್ದ ಹಾಗೆ. ಇವತ್ತು ಸೇರಿಸಿದ ಪದ ನಾಳೆ ಬರುತ್ತದೆ, ಮೂರು ದಿನ ಬಿಟ್ಟು ಬರುತ್ತದೆ, ವಾರ ಬಿಟ್ಟು ಮತ್ತೆ ಬರುತ್ತದೆ. ಕೆಲವು ವಾರ ಕಳೆಯುವಷ್ಟರಲ್ಲಿ ದಿನದ ಮರುಓದು ಹೊಸ ಪದಗಳ ಏಳೆಂಟು ಪಟ್ಟು ಆಗಿರುತ್ತದೆ. 30 ಅಂದರೆ ದಿನಕ್ಕೆ 200ಕ್ಕೂ ಜಾಸ್ತಿ. ಡ್ಯೂಟಿ ಮಾಡುವವರಿಗೆ ಇದು ಆಗುವ ಮಾತಲ್ಲ. ಬಾಕಿ ಇರುವುದನ್ನು ದಿನಕ್ಕೆ 100–150ರಂತೆ ಮುಗಿಸುತ್ತಾ ಬನ್ನಿ. ತಡವಾಗಿ ನೋಡಿದ ಪದವೂ ನೆನಪಾದರೆ ಲಾಭವೇ, ಆ್ಯಪ್ ಅದನ್ನು ಇನ್ನೂ ದೂರಕ್ಕೆ ತಳ್ಳುತ್ತದೆ.

ಬಿಡುವು ಕೊಟ್ಟು ಕಲಿಯುವ ಈ ಉಪಾಯ ಆ್ಯಪ್‌ಗಳಿಗಿಂತ ಎಷ್ಟೋ ಹಳೆಯದು, ಅದೂ ನಿಮ್ಮ ಜರ್ಮನ್ನರದ್ದೇ. ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಮರೆತೆ ಎಂದು ಅಳೆದು 1885ರಲ್ಲಿ ಪುಸ್ತಕ ತಂದರು. ಒಂದೇ ಸಲ ಉರುಹೊಡೆಯುವುದಕ್ಕಿಂತ ಹಲವು ದಿನಗಳಿಗೆ ಹಂಚಿದರೆ ಶ್ರಮ ಕಡಿಮೆ ಎಂದು ಅವರಿಗೆ ಗೊತ್ತಾಯಿತು. 1972ರಲ್ಲಿ ಪತ್ರಕರ್ತ ಸೆಬಾಸ್ಟಿಯನ್ ಲೈಟ್ನರ್ ಇದನ್ನೇ ರಟ್ಟಿನ ಪೆಟ್ಟಿಗೆಗೆ ಇಳಿಸಿದರು. ನೆನಪಾದ ಕಾರ್ಡ್ ಮುಂದಿನ ಖಾನೆಗೆ, ಮರೆತದ್ದು ವಾಪಸ್ ಮೊದಲ ಖಾನೆಗೆ.

ಈಗ ಬಾಯಿಗೆ ಬರದ ಸಮಸ್ಯೆ. ನೀವು "ನೋಡಿದ ಪದ" ಎಂದು ಬರೆದಿದ್ದೀರಿ, ಅಲ್ವಾ? ತೊಂದರೆ ಅಲ್ಲೇ ಇದೆ. ಮಗ್ಗಿಯನ್ನು ಯಾರೂ ನೋಡಿ ಕಲಿಯಲಿಲ್ಲ, ಪುಸ್ತಕ ಮುಚ್ಚಿ ಒಪ್ಪಿಸಿ ಕಲಿತೆವು. ಉತ್ತರ ತೆರೆಯುವ ಮುಂಚೆ ಪದವನ್ನು ಜೋರಾಗಿ ಹೇಳಿ. ಬರಲಿಲ್ಲವೇ? 'ಅಗೇನ್' (ಮತ್ತೆ ತೋರಿಸು) ಬಟನ್ ಒತ್ತಿ. ಮರೆತಾಗ 'ಹಾರ್ಡ್' ಒತ್ತುವ ಚಾಳಿ ನನ್ನ ವಿದ್ಯಾರ್ಥಿಗಳಲ್ಲಿ ಬಹಳ. ಹಾರ್ಡ್ ಅಂದರೆ ಕಷ್ಟಪಟ್ಟಾದರೂ ನೆನಪಾಯಿತು ಎಂದು. ಮರೆತ ಪದಕ್ಕೆ ಅದನ್ನು ಒತ್ತಿದರೆ ಆ್ಯಪ್‌ಗೇ ಸುಳ್ಳು ಹೇಳಿದಂತೆ.

ಇನ್ನೊಂದು ಅನುಮಾನ. ನೀವು ಬಳಸುತ್ತಿರುವುದು ಯಾರೋ ಮಾಡಿಟ್ಟ ಇಂಗ್ಲಿಷ್–ಜರ್ಮನ್ ಡೆಕ್ (ಕಾರ್ಡುಗಳ ಕಟ್ಟು) ಇರಬೇಕು. ಅದನ್ನು ಬಿಟ್ಟು ಕಾರ್ಡಿನ ಮುಂದೆ ಕನ್ನಡ ಬರೆದು ನೋಡಿ. ರೋಗಿ "ಮಿರ್ ಇಸ್ಟ್ ಕಾಲ್ಟ್" ಎನ್ನುತ್ತಾರೆ. ಪದಕ್ಕೆ ಪದ ಹಾಕಿದರೆ "ನನಗೆ ಚಳಿ". ಮಿರ್ ಅಂದರೆ ನನಗೆ! ಇಂಗ್ಲಿಷಿನ 'ಐ ಆಮ್ ಕೋಲ್ಡ್' ಮೂಲಕ ಹೋದವರು "ಇಷ್ ಬಿನ್ ಕಾಲ್ಟ್" ಎಂದು ಎಡವುತ್ತಾರೆ. ನಮಗೆ ಆ ಸುತ್ತುದಾರಿ ಯಾಕೆ? "ಮಿರ್ ಇಸ್ಟ್ ಶ್ವಿಂಡ್ಲಿಶ್", ನನಗೆ ತಲೆ ಸುತ್ತುತ್ತಿದೆ. ವಾರ್ಡಿನಲ್ಲಿ ದಿನಾ ಬೇಕಾಗುವ ಮಾತು. ಇಡೀ ವಾಕ್ಯವೇ ಕಾರ್ಡ್ ಆಗಲಿ.

ಲಿಂಗದ ವಿಷಯದಲ್ಲಿ ಮಾತ್ರ ಕನ್ನಡ ಕೈಕೊಡುತ್ತದೆ. ನಮಗೆ ಚಮಚ, ಫೋರ್ಕ್, ಚಾಕು ಎಲ್ಲವೂ 'ಅದು'. ಅವರಿಗೆ ಡೆರ್ ಲೊಫೆಲ್, ಡಿ ಗಾಬೆಲ್, ಡಾಸ್ ಮೆಸ್ಸರ್. ಚಮಚ ಗಂಡು, ಫೋರ್ಕ್ ಹೆಣ್ಣು, ಚಾಕು ನಪುಂಸಕ! ಕಾರಣ ಹುಡುಕಬೇಡಿ. ಡೆರ್, ಡಿ, ಡಾಸ್ ಇಲ್ಲದೆ ಬರೀ ಪದ ಹೇಳಿದರೆ ತಪ್ಪು ಎಂದೇ ಎಣಿಸಿ.

ಒಂದೇ ಪದ ಎಂಟು ಸಲ ಮರೆತರೆ ಆ್ಯಂಕಿ ಅದಕ್ಕೆ 'ಲೀಚ್' ಎಂದು ಚೀಟಿ ಅಂಟಿಸುತ್ತದೆ. ಲೀಚ್ ಅಂದರೆ ಜಿಗಣೆ. ನಿಮ್ಮ ಸಕಲೇಶಪುರದ ಕಡೆಯವರಿಗೆ ಅದರ ಗುಣ ಬಿಡಿಸಿ ಹೇಳಬೇಕಿಲ್ಲ. ಅದನ್ನು ಮತ್ತೆ ಮತ್ತೆ ತಿರುವುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಬೇರೆ ವಾಕ್ಯದಲ್ಲಿಟ್ಟು ಹೊಸದಾಗಿ ಬರೆಯಿರಿ, ಇಲ್ಲವೇ ಸುಮ್ನೆ ಬಿಟ್ಟುಬಿಡಿ. ಔಫ್‌ಹೋರೆನ್ (ನಿಲ್ಲಿಸುವುದು), ತ್ಸೂಹೋರೆನ್ (ಕಿವಿಗೊಡುವುದು), ಗೆಹೋರೆನ್ (ಒಬ್ಬರಿಗೆ ಸೇರಿರುವುದು) ತರಹದ ಅಣ್ಣತಮ್ಮಂದಿರನ್ನು ಒಂದೇ ವಾರ ಸೇರಿಸಿದರೂ ಹೀಗೇ ಆಗುತ್ತದೆ. ಒಂದು ಗಟ್ಟಿಯಾದ ಮೇಲೆ ಇನ್ನೊಂದು ತನ್ನಿ.

ದಿನದ ಮರುಓದು 80ಕ್ಕೆ ಇಳಿದ ಮೇಲೆ ಹೊಸದನ್ನು ಮತ್ತೆ ತೆರೆಯಿರಿ, ಎಂಟೋ ಹತ್ತೋ ಸಾಕು. ನೈಟ್ ಡ್ಯೂಟಿ ವಾರ ಮಾತ್ರ ಮತ್ತೆ ಸೊನ್ನೆ.