ಬೋರ್ಡೋ ಸಿಂಪಡಣೆಗೆ ಮುಂಚೆ ಕ್ರೀಟ್‌ಗೆ ಹೋಗಿ ಬರಬಹುದೇ?

ಮೆಡಿಟರೇನಿಯನ್ ದ್ವೀಪಗಳ ಪ್ರವಾಸದ ಬಗ್ಗೆ ಕೊಡಗಿನ ಓದುಗರು ಕಳಿಸಿದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ಮಕ್ಕಳಿಗೆ ಏಪ್ರಿಲ್, ಮೇ ರಜೆ. ತೋಟದಲ್ಲೂ ಆಗ ಸ್ವಲ್ಪ ಬಿಡುವು. ಗ್ರೀಸ್ ದೇಶದ ಕ್ರೀಟ್ ದ್ವೀಪಕ್ಕೆ ಇಲ್ಲವೇ ಮಾಲ್ಟಾಕ್ಕೆ ಹತ್ತು ದಿನ ಹೋಗಬೇಕೆಂದಿದ್ದೇವೆ. ಯಾವ ವಾರ ಒಳ್ಳೆಯದು? ಮಕ್ಕಳು ಸಮುದ್ರಕ್ಕೆ ಇಳಿಯಬಹುದೇ? (ಗೋಣಿಕೊಪ್ಪ)

ಅವರ ಬೇಸಿಗೆ ಶುರುವಾಗುವುದೇ ನಮ್ಮ ಮಳೆ ಶುರುವಾಗುವ ಹೊತ್ತಿಗೆ. ಮೇ ತಿಂಗಳ ಕ್ರೀಟ್‌ನಲ್ಲಿ ಹಗಲು 23-24 ಡಿಗ್ರಿ, ರಾತ್ರಿ ಒಂದು ಸ್ವೆಟರ್ ಬೇಕೆನಿಸುವಷ್ಟು ತಂಪು. ಮಳೆ ಇಲ್ಲವೆಂದೇ ಹೇಳಬಹುದು. ಬೆಟ್ಟದ ಬದಿಗಳಲ್ಲಿ ಹೂವು, ಎತ್ತರದ ಶಿಖರಗಳಲ್ಲಿ ಇನ್ನೂ ಹಿಮದ ತೇಪೆ. ಸುತ್ತಾಡುವುದಕ್ಕೆ ಇದಕ್ಕಿಂತ ಒಳ್ಳೆಯ ತಿಂಗಳಿಲ್ಲ. ಸಮುದ್ರದ ಮಾತು ಬೇರೆ. ಅದು ದೊಡ್ಡ ಹಂಡೆಯ ಹಾಗೆ, ಕಾಯುವುದೂ ನಿಧಾನ, ಆರುವುದೂ ನಿಧಾನ. ಮೇನಲ್ಲಿ ನೀರು ಸುಮಾರು 19 ಡಿಗ್ರಿ. ಆಗಸ್ಟ್ ಹೊತ್ತಿಗೆ 25ಕ್ಕೆ ಏರುತ್ತದೆ. ಮಂಗಳೂರಿನ ಬೆಚ್ಚಗಿನ ಸಮುದ್ರ ಕಂಡ ಮಕ್ಕಳು ಹತ್ತು ನಿಮಿಷಕ್ಕೆ ತುಟಿ ನೀಲಿ ಮಾಡಿಕೊಂಡು ದಡಕ್ಕೆ ಬರುತ್ತಾರೆ.

ಈಜುವುದೇ ಮುಖ್ಯ ಆಸೆಯಾದರೆ ಬೇಸಿಗೆ ರಜೆ ಬಿಟ್ಟು ದಸರಾ ರಜೆಗೆ ಹೋಗಿ. ಅಕ್ಟೋಬರ್ ಮೊದಲ ವಾರದಲ್ಲೂ ನೀರು 23-24 ಡಿಗ್ರಿ ಇರುತ್ತದೆ, ಆಗಸ್ಟಿನ ಜನಜಂಗುಳಿ ಕರಗಿರುತ್ತದೆ, ನಿಮ್ಮಲ್ಲಿ ಕೊಯ್ಲು ಇನ್ನೂ ಶುರುವಾಗಿರುವುದಿಲ್ಲ. ಅಕ್ಟೋಬರ್ 17ರ ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೋಗುವವರು ಮಾತ್ರ ಹಿಂದಿರುಗುವ ದಿನವನ್ನು ಮೊದಲೇ ಗುರುತು ಹಾಕಿಕೊಳ್ಳಿ.

ಮೇ ತಿಂಗಳೇ ಆಗಬೇಕೆಂದರೆ ಎರಡನೇ ವಾರ ಹೊರಟು 20-22ರೊಳಗೆ ಮನೆ ಸೇರುವ ಹಾಗೆ ನೋಡಿಕೊಳ್ಳಿ. ಮುಂಗಾರಿಗೆ ಮುಂಚೆ ಕಾಫಿ ಗಿಡಗಳಿಗೆ ಮಾಡುವ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಸಿಂಪಡಣೆಗೆ ಆಗ ಸಮಯ ಉಳಿಯುತ್ತದೆ. ಏಪ್ರಿಲ್ ಕೊನೆಯಲ್ಲಿ ಹೋದರೆ ದಕ್ಷಿಣ ಕರಾವಳಿಯ ದೋಣಿಗಳು ಕಡಿಮೆ, ಚಾರಣಕ್ಕೆ ಹೆಸರಾದ ಸಮಾರಿಯಾ ಕಣಿವೆ ಮುಚ್ಚಿರುತ್ತದೆ. ಇನ್ನೊಂದು ವಿಷಯವನ್ನು ಹಲವರು ಮರೆಯುತ್ತಾರೆ. ಗ್ರೀಸ್‌ನವರ ಈಸ್ಟರ್ ನಮ್ಮ ಕ್ಯಾಲೆಂಡರಿನಲ್ಲಿರುವ ಈಸ್ಟರ್ ದಿನವೇ ಬರಬೇಕೆಂದಿಲ್ಲ. 2027ರಲ್ಲಿ ಅದು ಮೇ 2ಕ್ಕೆ ಬೀಳುತ್ತದೆ. ಅಥೆನ್ಸ್‌ನವರೆಲ್ಲ ಊರಿಗೆ ಹೊರಡುವ ಆ ವಾರ ಹಡಗು, ವಿಮಾನ ಎರಡರಲ್ಲೂ ಸೀಟು ಕಷ್ಟ, ಅಂಗಡಿಗಳಿಗೆ ಬಾಗಿಲು, ಬಸ್ಸು ವಿರಳ.

ಇನ್ನು ಯಾವ ದ್ವೀಪ? ಕೊಡಗಿನ ವಿಸ್ತೀರ್ಣ 4,102 ಚದರ ಕಿ.ಮೀ. ಕ್ರೀಟ್ 8,336, ಅಂದರೆ ಎರಡು ಕೊಡಗು. ಮಾಲ್ಟಾ ದೇಶ ಇಡಿಯಾಗಿ 316. ಹತ್ತು ದಿನಕ್ಕೆ ಕ್ರೀಟ್ ತುಂಬಿ ತುಳುಕುತ್ತದೆ: ಪಶ್ಚಿಮಕ್ಕೆ ಹನ್ಯಾದಲ್ಲಿ ಐದು ರಾತ್ರಿ, ಹೆರಾಕ್ಲಿಯನ್‌ನಲ್ಲಿ ನಾಲ್ಕು ರಾತ್ರಿ ಸಾಕು. ಹೆರಾಕ್ಲಿಯನ್‌ನಿಂದ ಐದೇ ಕಿ.ಮೀ. ದೂರದಲ್ಲಿ ಕ್ನೋಸೋಸ್ ಅರಮನೆಯ ಅವಶೇಷ ಇದೆ. ಅಲ್ಲಿ ಸಿಕ್ಕ ವಸ್ತುಗಳು ಊರೊಳಗಿನ ಮ್ಯೂಸಿಯಂನಲ್ಲಿವೆ. ಮ್ಯೂಸಿಯಂ ಮೊದಲು ನೋಡಿ, ಆಮೇಲೆ ಅರಮನೆಗೆ ಹೋಗಿ. ಇಲ್ಲದಿದ್ದರೆ ಕಲ್ಲಿನ ರಾಶಿ ಕಂಡು ಮಕ್ಕಳು ಬೇಸರಪಡುತ್ತಾರೆ.

ಅಜ್ಜಿ, ತಾತ ಜೊತೆಗಿದ್ದರೆ ಮಾಲ್ಟಾ ಹಗುರ. ಇಂಗ್ಲಿಷ್ ಅಲ್ಲಿ ಅಧಿಕೃತ ಭಾಷೆ, ವಾಹನ ನಮ್ಮ ಹಾಗೆ ಎಡಕ್ಕೆ, ಹೆಚ್ಚಿನ ಕಡೆಗೆ ಬಸ್ಸಿದೆ. ಗೋಜೊ ದ್ವೀಪದ ಕಾರ್ ಫೆರ್ರಿಗೆ ಹೋಗುವಾಗ ಟಿಕೆಟ್ ಕೇಳುವುದಿಲ್ಲ, ಮರಳುವಾಗ ತೆಗೆದುಕೊಳ್ಳಬೇಕು. ಕೌಂಟರ್ ಕಾಣದೆ ಗಾಬರಿಯಾಗಬೇಡಿ. ನೆಲದಡಿಯ ಪುರಾತನ ಸಮಾಧಿ ತಾಣವಾದ ಹಾಲ್ ಸಾಫ್ಲಿಯೆನಿ ಹೈಪೋಜಿಯಮ್ ನೋಡುವ ಆಸೆ ಇದ್ದರೆ ವಿಮಾನಕ್ಕಿಂತ ಮೊದಲು ಅದರ ಟಿಕೆಟ್ ಹುಡುಕಿ. ಒಂದು ಸಲಕ್ಕೆ ಹತ್ತೇ ಜನರನ್ನು ಬಿಡುತ್ತಾರೆ, ತಿಂಗಳುಗಟ್ಟಲೆ ಮುಂಚೆ ಮುಗಿದಿರುತ್ತದೆ.

ಒಂಬತ್ತು ದಿನದಲ್ಲಿ ಕ್ರೀಟ್, ಸಾಂಟೊರಿನಿ, ಮೈಕೊನೋಸ್ ಮೂರನ್ನೂ ನೋಡಬಹುದೇ? (ಕುಶಾಲನಗರ)

ನೋಡಿದ ಶಾಸ್ತ್ರ ಮಾಡಬಹುದು. ಒಂದೊಂದು ಸಲ ದ್ವೀಪ ಬದಲಿಸಿದಾಗಲೂ ರೂಮು ಖಾಲಿ ಮಾಡಿ, ಬಂದರಿನಲ್ಲಿ ಕಾದು, ಹಡಗೇರಿ, ಹೊಸ ರೂಮಿನ ಕೀಲಿ ಕೈಗೆ ಬರುವಷ್ಟರಲ್ಲಿ ಅರ್ಧ ದಿನ ಹೋಗಿರುತ್ತದೆ. ಗಾಳಿ ಜೋರಾದರೆ ಬಂದರಿನವರು ಹಡಗು ಬಿಡುವುದಿಲ್ಲ. ಮೊದಲು ನಿಲ್ಲುವುದು ವೇಗದ ಹಡಗುಗಳೇ. ಜುಲೈ, ಆಗಸ್ಟ್‌ನಲ್ಲಿ ಮೆಲ್ಟೆಮಿ ಎಂಬ ಉತ್ತರದ ಗಾಳಿ ಬೀಸುವಾಗ ಇದು ಮಾಮೂಲು. ಎರಡು ದ್ವೀಪಕ್ಕೆ ನಿಲ್ಲಿಸಿ. ವಾಪಸ್ ವಿಮಾನದ ಹಿಂದಿನ ರಾತ್ರಿ ಆ ವಿಮಾನ ಹೊರಡುವ ಊರಲ್ಲೇ ತಂಗಿ.

ನಾವು ಕಾಫಿ ಬೆಳೆಗಾರರು. ಸಂಬಳದ ಚೀಟಿ ಇಲ್ಲ. ಜಮ್ಮಾ (ಕುಟುಂಬಕ್ಕೆ ತಲೆಮಾರಿನಿಂದ ಬಂದ) ಜಾಗದ ಪಹಣಿಯಲ್ಲಿ ಪಟ್ಟೇದಾರರ (ಕುಟುಂಬದ ಹಿರಿಯರ) ಜೊತೆ ಕುಟುಂಬದ ಹಲವರ ಹೆಸರಿದೆ. ಗ್ರೀಸ್, ಮಾಲ್ಟಾ ಸೇರಿ ಯೂರೋಪಿನ ಹಲವು ದೇಶಗಳಿಗೆ ಒಂದೇ ಆದ ಷೆಂಗೆನ್ ವೀಸಾಕ್ಕೆ ಆದಾಯ ತೋರಿಸುವುದು ಹೇಗೆ? (ಸಿದ್ದಾಪುರ, ಪೊನ್ನಂಪೇಟೆ, ನಾಪೋಕ್ಲು)

ಸಂಬಳದ ಚೀಟಿ ಇಲ್ಲದಿರುವುದು ತೊಂದರೆಯಲ್ಲ. ತೊಂದರೆ ಇರುವುದು ನಿಮ್ಮ ಬ್ಯಾಂಕ್ ಖಾತೆಯ ನಡಿಗೆಯಲ್ಲಿ. ಸಂಬಳದವರಿಗೆ ತಿಂಗಳು ತಿಂಗಳು ಹಣ ಬರುತ್ತದೆ. ನಿಮಗೆ ವರ್ಷವಿಡೀ ಖರ್ಚು, ಜನವರಿಯಿಂದ ಮಾರ್ಚ್ ನಡುವೆ ಒಂದೋ ಎರಡೋ ದೊಡ್ಡ ಜಮೆ. ಫೆಬ್ರವರಿಯಲ್ಲಿ ಒಮ್ಮೆಗೇ ಹತ್ತು ಲಕ್ಷ ಬಿದ್ದು, ಮಾರ್ಚಿನಲ್ಲಿ ಅರ್ಜಿ ಕೊಟ್ಟರೆ, ಕಾಫಿಯ ಲೆಕ್ಕ ಗೊತ್ತಿಲ್ಲದ ಅಧಿಕಾರಿಗೆ ವೀಸಾಕ್ಕಾಗಿ ಯಾರಿಂದಲೋ ಕೈಸಾಲ ತಂದು ತುಂಬಿದ ಹಾಗೆ ಕಾಣುತ್ತದೆ. ತಿರಸ್ಕಾರಕ್ಕೆ ಅಷ್ಟು ಸಾಕು.

ಹಾಗಾಗಿ ಆರು ತಿಂಗಳ ಬದಲು ಹದಿನೈದು ತಿಂಗಳ ಸ್ಟೇಟ್‌ಮೆಂಟ್ ಕೊಡಿ. ಹೋದ ವರ್ಷವೂ ಅದೇ ತಿಂಗಳಲ್ಲಿ ಅಂಥದೇ ಜಮೆ ಬಂದಿರುವುದು ಕಣ್ಣಿಗೆ ಕಾಣಬೇಕು. ಆ ಎರಡು ಸಾಲುಗಳಿಗೆ ಬಣ್ಣ ಹಚ್ಚಿ, ವ್ಯಾಪಾರಿ ಇಲ್ಲವೇ ಕ್ಯೂರಿಂಗ್ ವರ್ಕ್ಸ್ (ಕಾಫಿ ಸಂಸ್ಕರಣಾ ಘಟಕ) ಕೊಟ್ಟ ಬಿಲ್ಲನ್ನು ಹಿಂದೆಯೇ ಇಡಿ. ಬಿಲ್ಲಿನ ಮೊತ್ತ ಜಮೆಗೆ ತಾಳೆಯಾಗಬೇಕು. ಚೆರಿ (ಹಣ್ಣಾಗಿಯೇ ಒಣಗಿಸಿದ ಕಾಫಿ) ಎಷ್ಟು ಚೀಲ, ತಿರುಳು ತೆಗೆದು ಒಣಗಿಸಿದ ಪಾರ್ಚ್‌ಮೆಂಟ್ ಎಷ್ಟು ಚೀಲ ಎಂದಿದ್ದರೆ ಇನ್ನೂ ಒಳ್ಳೆಯದು. ನಗದಿಗೆ ಮಾರಿ ಆಮೇಲೆ ಖಾತೆಗೆ ಕಟ್ಟಿದ ದುಡ್ಡಿಗೆ ಇಲ್ಲಿ ಬೆಲೆ ಕಡಿಮೆ.

ಎರಡನೆಯದು ಆದಾಯ ತೆರಿಗೆ ರಿಟರ್ನ್. ಕೃಷಿ ಆದಾಯಕ್ಕೆ ಕೇಂದ್ರದ ತೆರಿಗೆ ಇಲ್ಲವೆಂದು ರಿಟರ್ನನ್ನೇ ಸಲ್ಲಿಸದವರು ಬಹಳ. ವಿನಾಯಿತಿ ಆದಾಯವೆಂದು ಅದರಲ್ಲಿ ನಮೂದಿಸಿದರೆ ಸರಕಾರಿ ಮುದ್ರೆಯಿರುವ ಸಾಕ್ಷಿ ಸಿಕ್ಕಿತು. ತಡವಾದ ರಿಟರ್ನ್‌ಗೂ ಡಿಸೆಂಬರ್ 31 ಕಡೆಯ ದಿನ. ಮೇ ಪ್ರವಾಸಕ್ಕೆ ಜನವರಿಯಲ್ಲಿ ಎಚ್ಚೆತ್ತರೆ ಆ ವರ್ಷದ್ದು ಕೈತಪ್ಪಿರುತ್ತದೆ. ಕಾಫಿಯನ್ನು ನೀವೇ ಕ್ಯೂರ್ ಮಾಡಿಸಿ ಮಾರುವವರಾದರೆ ಆದಾಯದ 25 ಶೇಕಡಾ ಹೇಗೂ ತೆರಿಗೆ ಲೆಕ್ಕಕ್ಕೆ ಬರುತ್ತದೆ, ಆಡಿಟರನ್ನು ಕೇಳಿ.

ಪಹಣಿ ಇಲ್ಲಿ ಬರೀ ಪೋಷಕ ದಾಖಲೆ. ಹಲವರ ಹೆಸರಿದ್ದರೆ ಅದರ ಇಂಗ್ಲಿಷ್ ಅನುವಾದ ಮಾಡಿಸಿ ನೋಟರಿ ಸಹಿ ಹಾಕಿಸಿ, ನಿಮ್ಮ ಪಾಲಿನ ತೋಟ ಎಷ್ಟು ಎಕರೆ ಎಂಬುದನ್ನು ಕವರಿಂಗ್ ಲೆಟರ್‌ನಲ್ಲಿ ಎರಡು ಸಾಲು ಬರೆಯಿರಿ. ಜಮ್ಮಾ ಎಂದರೇನು ಎಂದು ಇತಿಹಾಸ ಬರೆಯಬೇಡಿ, ಯಾರೂ ಓದುವುದಿಲ್ಲ. ಲೆಟರ್ ಒಂದೇ ಪುಟ ಇರಲಿ: ಯಾರು ಯಾರು, ಎಷ್ಟು ದಿನ, ಖರ್ಚು ಯಾರದು, ಮರಳಿ ಬರಲು ಕಾರಣವೇನು. ಮಕ್ಕಳ ಶಾಲೆ ತೆರೆಯುವ ದಿನ ಮತ್ತು ಮಳೆಗಾಲದ ತೋಟದ ಕೆಲಸ ಎರಡೂ ಗಟ್ಟಿ ಕಾರಣಗಳೇ.

ಉಳಿದದ್ದು ಎಲ್ಲರಿಗೂ ಒಂದೇ. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಕೊಡಬಹುದು, 15 ದಿನದೊಳಗಾದರೆ ತಡವಾಯಿತು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಅನುಮಾನ ಬಂದರೆ 45. ಶುಲ್ಕ ದೊಡ್ಡವರಿಗೆ 90 ಯೂರೊ, 6ರಿಂದ 12ರೊಳಗಿನ ಮಕ್ಕಳಿಗೆ 45, ಅದಕ್ಕಿಂತ ಚಿಕ್ಕವರಿಗೆ ಇಲ್ಲ. ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ವಿಮೆ ಕನಿಷ್ಠ 30,000 ಯೂರೊಗೆ ಇರಬೇಕು, ಹೊರಡುವ ದಿನ ಮತ್ತು ಮರಳುವ ದಿನ ಎರಡೂ ಅದರಲ್ಲಿ ಸೇರಿರಬೇಕು. ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಕೊಟ್ಟದ್ದಾಗಿದ್ದು, ಷೆಂಗೆನ್ ಬಿಟ್ಟ ಮೇಲೂ ಮೂರು ತಿಂಗಳು ಜೀವ ಇರಬೇಕು. ಎರಡು ದೇಶ ಸೇರಿಸಿದರೆ ಹೆಚ್ಚು ರಾತ್ರಿ ಎಲ್ಲಿ ತಂಗುತ್ತೀರೋ ಆ ದೇಶಕ್ಕೆ ಅರ್ಜಿ. ಕೊಡವ ಹೆಸರುಗಳಲ್ಲಿ ಮನೆ ಹೆಸರು ಪಾಸ್‌ಪೋರ್ಟಿನ ಯಾವ ಕಾಲಂನಲ್ಲಿದೆಯೋ ಟಿಕೆಟ್ಟಿನಲ್ಲೂ ಅಲ್ಲೇ ಬರಲಿ. ಆಧಾರ್ ನೋಡಿ ಟಿಕೆಟ್ ಮಾಡಿಸುವುದು ಬೇಡ. ವೀಸಾ ಕೈಗೆ ಬರುವ ಮುಂಚೆ ಹಣ ವಾಪಸ್ ಬಾರದ ಟಿಕೆಟ್ ಕೊಳ್ಳಲೂ ಬೇಡಿ.

ನಮಗೆ ಕಣ್ಣೂರು ವಿಮಾನ ನಿಲ್ದಾಣ ಪಕ್ಕದಲ್ಲೇ ಇದೆ. ಬೆಂಗಳೂರಿಗೆ ಯಾಕೆ ಹೋಗಬೇಕು? (ವಿರಾಜಪೇಟೆ)

ಮಾಕುಟ್ಟ ಘಾಟಿ ಇಳಿದರೆ ಸುಮಾರು 60 ಕಿ.ಮೀ., ಹೌದು. ಕೊಲ್ಲಿ ದೇಶಗಳಿಗೆ ವಿಮಾನವೂ ಇದೆ. ಆದರೆ ಅಲ್ಲಿಂದ ಅಥೆನ್ಸ್‌ಗೆ ಬೇರೆ ಕಂಪನಿಯ ಬೇರೆ ಟಿಕೆಟ್ ಕೊಂಡರೆ ಲಗೇಜು ಬೆಲ್ಟ್‌ನಿಂದ ಎತ್ತಿ ಮತ್ತೆ ಒಪ್ಪಿಸಬೇಕು. ಅದಕ್ಕೆ ಇಮಿಗ್ರೇಷನ್ ದಾಟಿ ಹೊರಬರಬೇಕು, ಹಾಗೆ ಬರಲು ಆ ದೇಶದ ವೀಸಾ ಬೇಕಾಗಬಹುದು. ಮೊದಲ ವಿಮಾನ ತಡವಾದರೆ ಎರಡನೆಯವರು ಜವಾಬ್ದಾರರೂ ಅಲ್ಲ. ಲಗೇಜು ಕೊನೆಯ ನಿಲ್ದಾಣದವರೆಗೆ ಹೋಗುವ ಒಂದೇ ಟಿಕೆಟ್ ಕಣ್ಣೂರಿನಿಂದ ಸಿಕ್ಕರೆ ಧಾರಾಳವಾಗಿ ಹೋಗಿ. ಇಲ್ಲದಿದ್ದರೆ ಬೆಂಗಳೂರೇ ಸರಿ. ವಿರಾಜಪೇಟೆಯಿಂದ ದೇವನಹಳ್ಳಿಗೆ ಏಳು ಗಂಟೆ ಇಟ್ಟುಕೊಳ್ಳಿ.

ಅಥೆನ್ಸ್‌ನಲ್ಲಿ ಕ್ರೀಟ್ ವಿಮಾನಕ್ಕೆ ಮೂರು ಗಂಟೆ ಅಂತರ ಬಿಡಿ. ಯೂರೋಪಿನ ಹೊಸ ಗಡಿ ವ್ಯವಸ್ಥೆಯಲ್ಲಿ ಮುಖದ ಫೋಟೊ ಅಲ್ಲೇ ತೆಗೆದುಕೊಳ್ಳುತ್ತಾರೆ, ವೀಸಾಕ್ಕೆ ಕೊಟ್ಟ ಬೆರಳಚ್ಚನ್ನು ತಾಳೆ ನೋಡುತ್ತಾರೆ, ಸಾಲು ಉದ್ದ. 12ರೊಳಗಿನ ಮಕ್ಕಳಿಗೆ ಬೆರಳಚ್ಚು ಇಲ್ಲ.

ಘಾಟಿ ರಸ್ತೆ ನಮಗೆ ಹೊಸದಲ್ಲ. ಕ್ರೀಟ್‌ನಲ್ಲಿ ಕಾರು ಬಾಡಿಗೆಗೆ ಪಡೆಯಬಹುದೇ? (ಮಡಿಕೇರಿ)

ತಿರುವು ನಿಮಗೆ ಕಷ್ಟವಾಗುವುದಿಲ್ಲ, ಬಲಬದಿ ಕಷ್ಟವಾಗುತ್ತದೆ. ವಾಹನ ತುಂಬಿದ ರಸ್ತೆಯಲ್ಲಿ ಮುಂದಿನವರನ್ನು ನೋಡಿ ಸರಿಯಾಗಿಯೇ ಓಡಿಸುತ್ತೀರಿ. ತಪ್ಪು ಆಗುವುದು ಬೆಳಿಗ್ಗೆ ಪೆಟ್ರೋಲ್ ಬಂಕಿನಿಂದ ಖಾಲಿ ರಸ್ತೆಗೆ ಹೊರಳುವಾಗ. ಕೈ ತಾನಾಗಿ ಎಡಕ್ಕೆ ಎಳೆಯುತ್ತದೆ. ಪಕ್ಕದಲ್ಲಿ ಕೂತವರು ಪ್ರತಿ ಸಲ "ಬಲಕ್ಕೆ" ಎಂದು ಬಾಯಿಬಿಟ್ಟು ಹೇಳುವ ರೂಢಿ ಮಾಡಿಕೊಳ್ಳಿ. ಉತ್ತರ ಕರಾವಳಿಯ ಹೆದ್ದಾರಿಯಲ್ಲಿ ನಿಧಾನಕ್ಕೆ ಹೋಗುವವರು ಅಂಚಿನ ಪಟ್ಟಿಗೆ ಸರಿದು ದಾರಿ ಬಿಡುವುದು ಅಲ್ಲಿನ ವಾಡಿಕೆ. ಹಿಂದಿನ ಕಾರು ಅಂಟಿಕೊಂಡು ಬಂದರೆ ಸಿಟ್ಟಾಗದೆ ಸರಿಯಿರಿ.

ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಮಡಿಕೇರಿ ಆರ್‌ಟಿಒದಲ್ಲೇ ಮಾಡಿಸಬಹುದು. ಅವಧಿ ಒಂದು ವರ್ಷ. ಊರಿನ ಲೈಸೆನ್ಸ್ ಕೂಡ ಜೊತೆಗಿರಬೇಕು. ಠೇವಣಿ ಹಿಡಿಯಲು ಸಾಮಾನ್ಯವಾಗಿ ಕಾರು ಓಡಿಸುವವರ ಹೆಸರಿನ ಕ್ರೆಡಿಟ್ ಕಾರ್ಡನ್ನೇ ಕೇಳುತ್ತಾರೆ. ಆಟೋಮ್ಯಾಟಿಕ್ ಗಾಡಿ ಕಡಿಮೆ, ಬೇಗ ಕಾದಿರಿಸಿ. ವಿಮೆಯ ಕಾಗದದಲ್ಲಿ ಟೈರು, ಗಾಜು, ಗಾಡಿಯ ಅಡಿಭಾಗ ಸೇರಿದೆಯೇ ಎಂದು ಬೆರಳಿಟ್ಟು ಕೇಳಿ. ಬಾಲೋಸ್ ಕಡಲತೀರಕ್ಕೆ ಹೋಗುವ ಮಣ್ಣುರಸ್ತೆಯಲ್ಲಿ ಪೆಟ್ಟಾದರೆ ಹಲವು ಕಂಪನಿಗಳ ವಿಮೆ ನಡೆಯುವುದಿಲ್ಲ; ಅಲ್ಲಿಗೆ ಕಿಸ್ಸಾಮೋಸ್‌ನಿಂದ ದೋಣಿಯಲ್ಲಿ ಹೋಗಿ. ಹನ್ಯಾ, ರೆಥಿಮ್ನೊ, ಹೆರಾಕ್ಲಿಯನ್ ನಡುವೆ ಬಸ್ಸು ಧಾರಾಳ, ಹತ್ತೂ ದಿನ ಕಾರು ಇಟ್ಟುಕೊಳ್ಳುವುದು ದಂಡ. ಮೂರು ದಿನ ಸಾಕು.

ತಡಿಯಂಡಮೋಳ್ ಹತ್ತಿ ಇಳಿದವರಿಗೆ ಸಮಾರಿಯಾ ಕಣಿವೆ ಕಷ್ಟವೇ? (ಕಕ್ಕಬೆ)

ಉಸಿರಿಗೆ ಸುಲಭ, ಮಂಡಿಗೆ ಕಷ್ಟ. ಸುಮಾರು 1,230 ಮೀಟರ್ ಎತ್ತರದಿಂದ ಸಮುದ್ರ ಮಟ್ಟದವರೆಗೆ 16 ಕಿ.ಮೀ. ಇಳಿಜಾರು, ಕಾಲ ಕೆಳಗೆ ಪೂರ್ತಿ ಉರುಟು ಕಲ್ಲು. ಐದರಿಂದ ಏಳು ಗಂಟೆ ಬೇಕು. ಹೊಸ ಶೂ ಹಾಕಿಕೊಂಡು ಹೋದವರ ಹೆಬ್ಬೆರಳಿನ ಉಗುರು ಕಪ್ಪಾಗುವುದು ಇಲ್ಲಿಯೇ. ಇಳಿಯುವಾಗ ಬೆರಳು ಶೂವಿನ ಮೂತಿಗೆ ಬಡಿಯುತ್ತಿರುತ್ತದೆ. ಉಗುರು ಕತ್ತರಿಸಿ, ಲೇಸನ್ನು ಪಾದದ ಮೇಲ್ಭಾಗದಲ್ಲಿ ಬಿಗಿಯಾಗಿ ಕಟ್ಟಿ. ದಾರಿಯಲ್ಲಿ ಊಟ ಸಿಗುವುದಿಲ್ಲ, ಬುಗ್ಗೆಯ ನೀರು ಸಿಗುತ್ತದೆ, ಒಂದು ಬಾಟಲಿ ಸಾಕು. ಜಿಗಣೆ ಕಾಟವಂತೂ ಇಲ್ಲ.

ಕೆಳಗಿನ ಅಯಾ ರೂಮೆಲಿ ಹಳ್ಳಿಗೆ ರಸ್ತೆಯೇ ಇಲ್ಲ. ಸಂಜೆಯ ಹಡಗು ಹಿಡಿದು ಸೂಯಾ ಅಥವಾ ಸ್ಫಾಕಿಯಾಕ್ಕೆ ಹೋಗಿ, ಅಲ್ಲಿಂದ ಹನ್ಯಾ ಬಸ್ಸು ಹತ್ತಬೇಕು. ಹಡಗು ತಪ್ಪಿದರೆ ರಾತ್ರಿ ಅಲ್ಲೇ. ಹಾಗಾಗಿ ಹನ್ಯಾದಿಂದ ಬೆಳಗಿನ ಮೊದಲ ಬಸ್ಸಿಗೇ ಹೊರಡಿ. ಮಳೆ ಅಥವಾ ವಿಪರೀತ ಸೆಕೆ ಇದ್ದರೆ ಕಣಿವೆಯನ್ನು ಮುಚ್ಚುತ್ತಾರೆ, ಹಿಂದಿನ ಸಂಜೆಯೇ ವಿಚಾರಿಸಿ.

ಮನೆಯಲ್ಲಿ ಇಬ್ಬರು ಸಸ್ಯಾಹಾರಿಗಳು. ಪಂದಿ ಕರಿ, ತುಪ್ಪ, ಜೇನು ಕಟ್ಟಿಕೊಂಡು ಹೋಗಬಹುದೇ? (ಸೋಮವಾರಪೇಟೆ)

ಮಾಂಸ ಮತ್ತು ಹಾಲಿನ ಪದಾರ್ಥ ಯಾವ ರೂಪದಲ್ಲೂ ಯೂರೋಪಿಗೆ ಹೋಗುವ ಹಾಗಿಲ್ಲ. ಪಂದಿ ಕರಿ, ಹಂದಿ ಉಪ್ಪಿನಕಾಯಿ, ತುಪ್ಪ, ಹಾಲಿನ ಸಿಹಿ ಎಲ್ಲ ವಿಮಾನ ನಿಲ್ದಾಣದ ಕಸದ ಡಬ್ಬಿಗೆ. ಕೊಡಗಿನ ಜೇನು ಒಬ್ಬರಿಗೆ 2 ಕಿಲೊವರೆಗೆ ನಡೆಯುತ್ತದೆ. ಹಸಿ ಕರಿಬೇವು ಬೇಡ. ಕಾಫಿ ಪುಡಿ, ಚಟ್ನಿಪುಡಿ, ಬಿಗಿ ಮುಚ್ಚಳದ ಕಾಚಂಪುಳಿ (ಪಂದಿ ಕರಿಗೆ ಹಾಕುವ ಹುಳಿ) ಚೆಕ್-ಇನ್ ಲಗೇಜಿನಲ್ಲಿ ಇಡಿ.

ಸಸ್ಯಾಹಾರಿಗಳಿಗೆ ಕ್ರೀಟ್ ಉಪವಾಸದ ಊರಲ್ಲ. ಡಾಕೋಸ್ ಕೇಳಿ: ಬಾರ್ಲಿಯ ಗಟ್ಟಿ ರಸ್ಕನ್ನು ನೀರಲ್ಲಿ ಚೂರು ಅದ್ದಿ, ತುರಿದ ಟೊಮೆಟೊ, ಬಿಳಿ ಚೀಸ್, ಆಲಿವ್ ಎಣ್ಣೆ ಸುರಿದು ಕೊಡುತ್ತಾರೆ. ಫಾವಾ ಎಂದರೆ ಹಳದಿ ಬೇಳೆಯ ಗಟ್ಟಿ ಗೊಜ್ಜು. ಹೋರ್ತಾ ಎಂದರೆ ಬೇಯಿಸಿದ ಕಾಡುಸೊಪ್ಪಿಗೆ ನಿಂಬೆರಸ. ತೆರ್ಮೆ ಸೊಪ್ಪು (ಎಳೆ ಜರಿಗಿಡ) ತಿಂದವರಿಗೆ ಅಪರಿಚಿತವೆನಿಸದು. ದ್ರಾಕ್ಷಿ ಎಲೆಯ ದೊಲ್ಮಾದೆಸ್‌ನಲ್ಲಿ ಮಾತ್ರ ಕೊಚ್ಚಿದ ಮಾಂಸ ಇರಬಹುದು, ಕೇಳಿಯೇ ತಿನ್ನಿ. ಉಳಿದವರು ಅಪಾಕಿ ಬಿಡಬೇಡಿ: ಹಂದಿಮಾಂಸವನ್ನು ವಿನೆಗರ್‌ನಲ್ಲಿ ನೆನೆಸಿ ಹೊಗೆ ಹಿಡಿಸಿದ್ದು. ಹುಳಿ ಬೆರೆತ ಹಂದಿ ನಿಮಗೆ ಹೊಸತೇನಲ್ಲ.

ಕಾಫಿ ಕೇಳುವಾಗ ಸಕ್ಕರೆ ಮೊದಲೇ ಹೇಳಬೇಕು, ಅದನ್ನು ಸೇರಿಸಿಯೇ ಕುದಿಸುತ್ತಾರೆ. ಸ್ಕೇತೊ ಎಂದರೆ ಸಕ್ಕರೆ ಇಲ್ಲ, ಮೇತ್ರಿಯೊ ಮಧ್ಯಮ, ಗ್ಲಿಕೊ ಸಿಹಿ. ಸೋಸುವುದಿಲ್ಲ, ಗಷ್ಟು ಕೆಳಗೆ ಕೂರುವವರೆಗೆ ಕಾದು ಕುಡಿಯಿರಿ, ಕೊನೆಯ ಗುಟುಕು ಬಿಡಿ.

ಹೋಟೆಲ್ ದುಡ್ಡು ಮೊದಲೇ ಕಟ್ಟಿದರೂ ಅಲ್ಲಿ ಮತ್ತೆ ಹಣ ಕೇಳುತ್ತಾರಂತೆ, ನಿಜವೇ? ಪ್ಲಗ್ ಹೊಂದುತ್ತದೆಯೇ? (ಶನಿವಾರಸಂತೆ)

ನಿಜ, ಮೋಸವಲ್ಲ. ಗ್ರೀಸ್‌ನಲ್ಲಿ ಹವಾಮಾನ ಸುಂಕವೆಂದು ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಒಂದು ರೂಮಿಗೆ ರಾತ್ರಿಗೆ ಮೂರು ನಕ್ಷತ್ರದ ಹೋಟೆಲಿನಲ್ಲಿ 5 ಯೂರೊ, ನಾಲ್ಕರಲ್ಲಿ 10 ಯೂರೊ ಅಲ್ಲೇ ಕಟ್ಟಬೇಕು. ರಸೀದಿ ಕೇಳಿ ಪಡೆಯಿರಿ. ಮೊಬೈಲ್ ಚಾರ್ಜರಿನ ಎರಡು ದುಂಡು ಕಡ್ಡಿಯ ಪ್ಲಗ್ ಗ್ರೀಸ್‌ನಲ್ಲಿ ಹಾಗೆಯೇ ಕೂರುತ್ತದೆ, ಮೂರು ಕಡ್ಡಿಯದು ಕೂರದು. ಮಾಲ್ಟಾದಲ್ಲಿ ಇಂಗ್ಲೆಂಡಿನ ಮೂರು ಚಪ್ಪಟೆ ಕಡ್ಡಿಯ ಸಾಕೆಟ್ಟು. ಅಡಾಪ್ಟರ್ ಇಲ್ಲಿಂದಲೇ ಒಯ್ಯಿರಿ.